ಟ್ಯಾಂಕಿಗೆ ಇಳಿಯುವ ಮೊದಲು, ಏಜೆಂಟ್‌ಗೆ ದುಡ್ಡು ಕೊಡುವ ಮೊದಲು

ನಾನು ಕಲ್ಲಿದ್ದಲಿನಂಥ ಸರಕನ್ನು ರಾಶಿಯಾಗಿ ತುಂಬಿ ಸಾಗಿಸುವ ಬಲ್ಕ್ ಕ್ಯಾರಿಯರ್ ಹಡಗಿನಲ್ಲಿ ಚೀಫ್ ಆಫೀಸರ್. ಹೊಸ ಕೆಡೆಟ್, ಅಂದರೆ ತರಬೇತಿಯ ಹುಡುಗ, ಬಂದರೆ ಅವನನ್ನು ಮೊದಲು ಡೆಕ್ ಮೇಲಿನ ಬ್ಯಾಲಸ್ಟ್ ಟ್ಯಾಂಕಿನ (ಹಡಗಿನ ಸಮತೋಲನಕ್ಕೆ ನೀರು ತುಂಬುವ ಟ್ಯಾಂಕು) ಮ್ಯಾನ್‌ಹೋಲ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬ್ರಿಡ್ಜ್, ರೇಡಾರ್ ಎಲ್ಲ ಆಮೇಲೆ.

ಹಡಗಿನಲ್ಲಿ ಅಪಾಯ ಅಂದರೆ ಬಿರುಗಾಳಿ ಎಂದು ಊರಲ್ಲಿ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಹಡಗು ಬಂದರಿನಲ್ಲಿ ಕಟ್ಟಿ ನಿಂತಿರುವಾಗ, ಹಾಡುಹಗಲಲ್ಲೇ ಟ್ಯಾಂಕಿಗೆ ಇಳಿದವರು ಸತ್ತಿದ್ದಾರೆ. ಮುಚ್ಚಿದ ಟ್ಯಾಂಕಿನ ಕಬ್ಬಿಣ ತುಕ್ಕು ಹಿಡಿಯುತ್ತಾ ಒಳಗಿನ ಆಕ್ಸಿಜನ್ ತಿಂದುಬಿಡುತ್ತದೆ. ಕಲ್ಲಿದ್ದಲು, ಮರದ ದಿಮ್ಮಿ ತುಂಬಿದ ಹೋಲ್ಡಿನಲ್ಲೂ (ಹಡಗಿನ ಸರಕಿನ ಕೋಣೆ), ಅಲ್ಲಿಗೆ ಇಳಿಯುವ ಮೆಟ್ಟಿಲಿನ ಜಾಗದಲ್ಲೂ ಇದೇ ಕಥೆ. ವಾಸನೆ ಬರುವುದಿಲ್ಲ. ಉಸಿರು ಕಟ್ಟಿದಂತೆಯೂ ಅನ್ನಿಸುವುದಿಲ್ಲ. ಮನುಷ್ಯ ಸುಮ್ನೆ ಕುಸಿದು ಬೀಳುತ್ತಾನೆ.

ಹಾಗಾಗಿ ಮೊದಲು ಬ್ಲೋವರ್ ಹಾಕಿ ಗಾಳಿ ಆಡಿಸಬೇಕು. ಆಮೇಲೆ ಆಕ್ಸಿಜನ್ ಅಳೆಯುವ ಮೀಟರಿನ ಪೈಪನ್ನು ಮೇಲೆ, ನಡುವೆ, ತಳದಲ್ಲಿ ಇಳಿಬಿಟ್ಟು ನೋಡಬೇಕು. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ 20.9%. ಒಳಗೂ ಅಷ್ಟೇ ಬರಬೇಕು. ಸ್ವಲ್ಪ ಕಡಿಮೆ ತೋರಿಸಿದರೂ ಕಾರಣ ತಿಳಿಯುವವರೆಗೆ ಯಾರೂ ಇಳಿಯುವುದಿಲ್ಲ. ಪರ್ಮಿಟ್‌ಗೆ (ಒಳಗೆ ಇಳಿಯುವ ಅನುಮತಿ ಪತ್ರ) ಸಹಿ ಬೀಳುವುದು ಇಷ್ಟೆಲ್ಲ ಆದ ಮೇಲೆ. ಊಟಕ್ಕೆ ಹೋಗಿ ಬಂದರೆ ಮತ್ತೆ ಅಳೆಯಬೇಕು.

ಮ್ಯಾನ್‌ಹೋಲ್ ಬಾಯಲ್ಲಿ ವಾಕಿಟಾಕಿ ಹಿಡಿದು ಕಾಯುವ ಕೆಲಸ ಹೆಚ್ಚಾಗಿ ಕೆಡೆಟ್‌ಗೇ ಬರುತ್ತದೆ. ನೋಡಲು ಸಣ್ಣ ಕೆಲಸ. ನನ್ನ ಪ್ರಕಾರ ಆ ಹೊತ್ತಿಗೆ ಇಡೀ ಹಡಗಿನಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇಲ್ಲ. ಒಳಗಿದ್ದವನು ಬಿದ್ದರೆ ಅಲಾರಂ ಕೊಡಬೇಕು, ಅಲ್ಲೇ ನಿಲ್ಲಬೇಕು. ಇಳಿಯಬಾರದು. ಜೊತೆಗೆ ಊಟ ಮಾಡಿದವನು ಕಣ್ಣೆದುರು ಬಿದ್ದಿರುವಾಗ ನಿಲ್ಲುವುದು ಎಷ್ಟು ಕಷ್ಟ ಅಲ್ವಾ? ಆದರೆ ಇಂಥ ಅವಘಡಗಳಲ್ಲಿ ಕಾಪಾಡಲು ಓಡಿ ಇಳಿದವರೇ ಎಷ್ಟೋ ಸಲ ಸತ್ತಿದ್ದಾರೆ. ಉಸಿರಾಟದ ಸೆಟ್ ಹಾಕಿಕೊಂಡ ತಂಡ ಬರುವವರೆಗೆ ಕಾಯಲೇಬೇಕು. ಕೆಲವು ಹುಡುಗರು ಕ್ಯಾಬಿನ್ ಹತ್ತಿರ ಇಟ್ಟಿರುವ ಇಇಬಿಡಿ (ತುರ್ತಿನಲ್ಲಿ ತಪ್ಪಿಸಿಕೊಳ್ಳಲು ಇರುವ ಸಣ್ಣ ಉಸಿರಾಟದ ಸಾಧನ) ಹಾಕಿಕೊಂಡು ಇಳಿಯಬಹುದಲ್ಲ ಎಂದು ಕೇಳುತ್ತಾರೆ. ಖಂಡಿತ ಬೇಡ. ಅದು ಬೆಂಕಿ, ಹೊಗೆಯಿಂದ ತಪ್ಪಿಸಿಕೊಂಡು ಹೊರಗೆ ಓಡಲು ಇರುವುದು. ಸುಮಾರು 10 ನಿಮಿಷದ ಗಾಳಿ ಅಷ್ಟೇ.

ಒಮ್ಮೆ ಕಲ್ಲಿದ್ದಲು ಇಳಿಸುವಾಗ ದಡದಿಂದ ತಪಾಸಣೆಗೆ ಬಂದ ಸರ್ವೇಯರ್ ಒಬ್ಬರು ಅವಸರದಲ್ಲಿ ಹೋಲ್ಡಿನ ಏಣಿಗೆ ಕೈ ಹಾಕಿದರು. ಹಡಗು ಹತ್ತಿ ತಿಂಗಳೂ ತುಂಬದ ಕೆಡೆಟ್ ಅಡ್ಡ ನಿಂತು, "ಸರ್, ಪರ್ಮಿಟ್ ಇನ್ನೂ ಆಗಿಲ್ಲ, ಚೀಫ್ ಆಫೀಸರ್ ಬರಲಿ" ಅಂದ. ಅವರಿಗೆ ಸಿಟ್ಟು ಬಂತು. ನಾನು ಹೋಗಿ ಮೀಟರ್ ಇಳಿಬಿಟ್ಟರೆ ಮೆಟ್ಟಿಲಿನ ಕೆಳಭಾಗದಲ್ಲಿ 17% ತೋರಿಸಿತು. ಸರ್ವೇಯರ್ ಏನೂ ಮಾತಾಡದೆ ಕಾದರು. ಆ ಹುಡುಗನ ಬಗ್ಗೆ ಕ್ಯಾಪ್ಟನ್ ಕಂಪನಿಗೆ ಒಳ್ಳೆಯ ವರದಿ ಬರೆದರು. ಅವನಿಗೆ ಅದು ಸಿಗಲೇಬೇಕಿತ್ತು.

ಸಮುದ್ರದ ಕೆಲಸಕ್ಕೆ ಬರಬೇಕು ಅನ್ನುವ ಹುಡುಗ ಹುಡುಗಿಯರಿಗೂ ನಾನು ಹೇಳುವುದು ಇದನ್ನೇ, ಕಾಲಿಡುವ ಮೊದಲು ಕಾಗದ ನೋಡಿ. ಡೆಕ್ ಆಫೀಸರ್, ಅಂದರೆ ಹಡಗು ನಡೆಸುವ ಅಧಿಕಾರಿ, ಆಗಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಆಮೇಲೆ ಐಎಂಯು ಸಿಇಟಿ, ಅಂದರೆ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ, ಬರೆಯಬೇಕು. ಡಿಎನ್‌ಎಸ್ (ಡಿಪ್ಲೊಮಾ ಇನ್ ನಾಟಿಕಲ್ ಸೈನ್ಸ್) ಅಂದರೆ ಒಂದು ವರ್ಷ ಓದು, ನಂತರ 18 ತಿಂಗಳು ಹಡಗಿನಲ್ಲಿ ತರಬೇತಿ. ಫೀಸು ಕಟ್ಟುವ ಮೊದಲೇ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಕೆಂಪು, ಹಸಿರು ಬೇರೆ ಮಾಡಿ ಗುರುತಿಸಲು ಬಾರದಿದ್ದರೆ ಡೆಕ್ ಕೆಲಸ ಸಿಗುವುದಿಲ್ಲ, ರಾತ್ರಿ ಎದುರಿನ ಹಡಗು ಯಾವ ಕಡೆ ಹೋಗುತ್ತಿದೆ ಎಂದು ತಿಳಿಯುವುದೇ ಅದರ ಕೆಂಪು, ಹಸಿರು ದೀಪಗಳಿಂದ. ಕಂಪನಿಯ ಸ್ಪಾನ್ಸರ್‌ಶಿಪ್ ಸಿಕ್ಕಮೇಲೆ ಕಾಲೇಜು ಸೇರಿದರೆ ಒಳ್ಳೆಯದು. ಕೋರ್ಸ್ ಮುಗಿಸಿ ಹಡಗಿಗಾಗಿ ವರ್ಷಗಟ್ಟಲೆ ಕಾಯುವವರನ್ನು ನೋಡಿದ್ದೇನೆ.

ಹಡಗಿನ ಕೆಲಸ ಕೊಡಿಸುತ್ತೇನೆ ಎಂದು ಲಕ್ಷಗಟ್ಟಲೆ ಕೇಳುವ ಏಜೆಂಟ್‌ಗಳು ಕರಾವಳಿಯಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ಭಾರತದಲ್ಲಿ ನಾವಿಕರನ್ನು ಹಡಗಿಗೆ ಕಳಿಸುವ ಸಂಸ್ಥೆಗೆ ಆರ್‌ಪಿಎಸ್‌ಎಲ್ ಲೈಸೆನ್ಸ್ (ನಾವಿಕರ ನೇಮಕಾತಿಯ ಸರ್ಕಾರಿ ಪರವಾನಗಿ) ಇರಬೇಕು. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಲೈಸೆನ್ಸ್ ನಂಬರ್ ಕೇಳಿ, ಹಡಗು ಸಾರಿಗೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನ ಪಟ್ಟಿಯಲ್ಲಿ ಹುಡುಕಿ. ಅಲ್ಲಿ ಹೆಸರಿಲ್ಲದಿದ್ದರೆ ಪಾಸ್‌ಪೋರ್ಟ್, ಸಿಡಿಸಿ (ನಾವಿಕನ ಗುರುತಿನ ಪುಸ್ತಕ) ಯಾವುದನ್ನೂ ಅವರ ಕೈಗೆ ಕೊಡಬೇಡಿ.