ಜಾರಿಕೊಂಡು ಹೋದರೆ ಅದೆಂಥ ಯಾತ್ರೆ?

ಪ್ರತಿ ಸಲ ರಜೆಗೆಂದು ಬಾಗಲಕೋಟೆಗೆ ಬಂದಾಗಲೂ, ಓಸ್ಲೋದಲ್ಲಿ ಯುಗಾದಿಗೆ ನಾಲ್ಕು ಕನ್ನಡದ ಮನೆಗಳು ಒಂದೆಡೆ ಸೇರಿದಾಗಲೂ, ಎಲೆಗೆ ಹೋಳಿಗೆ ಬೀಳುವುದಕ್ಕೆ ಮೊದಲೇ ಯಾರಾದರೂ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: "ನೀನು ಹಿಮದ ಮೇಲೆ ಜಾರಿಕೊಂಡು ಯಾತ್ರೆಗೆ ಹೋಗುತ್ತೀಯಂತೆ, ಹೌದೇ?" ಮೊದಲ ಕೆಲವು ವರ್ಷ ನಗುನಗುತ್ತಲೇ ಉತ್ತರಿಸಿದೆ. ಈಗ ಬಾಯಿ ಸೋತಿರುವುದರಿಂದ ಬರೆದಿಡುತ್ತಿದ್ದೇನೆ. ಮುಂದೆ ಕೇಳುವವರಿಗೆ ಇದನ್ನೇ ಕಳುಹಿಸುತ್ತೇನೆ, ಸಿಟ್ಟಾಗುವವರು ಆಗಲಿ.

ಮೊದಲು ಯಾತ್ರೆಯ ವಿಷಯ. ನಾರ್ವೆಯ ದೊರೆ ಓಲಾವ್ ಹರಾಲ್ಡ್‌ಸನ್ 1030ರಲ್ಲಿ ಸ್ಟಿಕ್ಲೆಸ್ತಾದ್ ಎಂಬಲ್ಲಿ ಯುದ್ಧದಲ್ಲಿ ಸತ್ತ. ಮರುವರ್ಷವೇ ಅವನನ್ನು ಸಂತನೆಂದು ಸಾರಿದರು. ಅವನ ಸಮಾಧಿಯಿದ್ದ ನಿದಾರೋಸ್‌ಗೆ, ಅಂದರೆ ಇಂದಿನ ಟ್ರೊಂಡ್‌ಹೈಮ್‌ಗೆ, ಸುಮಾರು 500 ವರ್ಷ ಜನ ನಡೆದು ಬಂದರು. 1537ರಲ್ಲಿ ಮತಸುಧಾರಣೆಯೊಂದಿಗೆ ಅದು ನಿಂತಿತು. 1997ರಲ್ಲಿ ಹಳೆಯ ದಾರಿಯನ್ನು ಗುರುತಿಸಿ ಮತ್ತೆ ತೆರೆದರು. ಓಸ್ಲೋದಿಂದ ಅಲ್ಲಿಗೆ 643 ಕಿಲೋಮೀಟರ್. ನಡುವೆ ಡೋವ್ರೆಫ್ಯೆಲ್ ಎಂಬ ಮರವಿಲ್ಲದ ಎತ್ತರದ ಬಯಲು ಅಡ್ಡ ಬರುತ್ತದೆ. ನಾನು ಚಳಿಗಾಲದ ಕೊನೆಯಲ್ಲಿ ಕಾಲಿಗೆ ಸ್ಕೀ, ಅಂದರೆ ಹಿಮದ ಮೇಲೆ ನಡೆಯುವ ಉದ್ದನೆಯ ಪಟ್ಟಿಗಳನ್ನು, ಕಟ್ಟಿಕೊಂಡು ಹೋಗುವುದು ಈ ಬಯಲಿನ ಆಸುಪಾಸಿಗೆ ಮಾತ್ರ. ನನಗೆ ಹರಕೆಯಿಲ್ಲ, ನಾನು ಮತಾಂತರವಾಗಿಲ್ಲ, ಅಲ್ಲಿ ಕರಡಿಯ ಕಾಟವೂ ಇಲ್ಲ. ಗ್ರೀನ್‌ಲ್ಯಾಂಡಿನಿಂದ ತಂದು ಬಿಟ್ಟ ಕಸ್ತೂರಿ ಎತ್ತುಗಳಿವೆ; ಅವುಗಳಿಂದ 200 ಮೀಟರ್ ದೂರವಿದ್ದರೆ ಅವು ನಮ್ಮನ್ನು ಏನೂ ಕೇಳುವುದಿಲ್ಲ. ಆ ಮಟ್ಟಿಗೆ ಅವು ನೆಂಟರಿಗಿಂತ ವಾಸಿ.

ನನ್ನ ತಕರಾರಿರುವುದು "ಜಾರಿಕೊಂಡು" ಎಂಬ ಮಾತಿನ ಮೇಲೆ. ಕನ್ನಡದಲ್ಲಿ ಜಾರಿಕೊಳ್ಳುವವನು ಸಾಲಗಾರ, ಇಲ್ಲವೇ ಕೆಲಸಗಳ್ಳ. ಮಕ್ಕಳು ಜಾರುಬಂಡೆಯಲ್ಲಿ ಜಾರುತ್ತಾರೆ, ಸೆರಗು ಜಾರುತ್ತದೆ, ಮಾತು ಜಾರುತ್ತದೆ. ಇವುಗಳಲ್ಲಿ ಒಂದರಲ್ಲೂ ಬೆವರಿಗೆ ಜಾಗವಿಲ್ಲ. ಟಿವಿಯಲ್ಲಿ ಯಾರೋ ಬೆಟ್ಟದ ತುದಿಯಿಂದ ಬಾಣದಂತೆ ಕೆಳಗಿಳಿಯುವುದನ್ನು ಕಂಡು, ನಾನೂ ಹಾಗೆಯೇ ಓಸ್ಲೋದಲ್ಲಿ ಕುಳಿತು ಟ್ರೊಂಡ್‌ಹೈಮ್‌ನಲ್ಲಿ ಏಳುತ್ತೇನೆಂದು ಜನ ತಿಳಿದಿದ್ದಾರೆ. ನಾರ್ವೆಯವರು ಇದಕ್ಕೆ "ಗೋ ಪೋ ಶೀ" ಎನ್ನುತ್ತಾರೆ. "ಗೋ" ಎಂದರೆ ಹೋಗು, ನಡೆ. ಅಂಗಡಿಗೆ ನಡೆದು ಹೋಗುವುದಕ್ಕೆ ಯಾವ ಕ್ರಿಯಾಪದವೋ ಇದಕ್ಕೂ ಅದೇ. ಈ ವಿದ್ಯೆಯನ್ನು ಸಾವಿರಾರು ವರ್ಷಗಳಿಂದ ಬಲ್ಲ ಜನ ಅದನ್ನು ನಡಿಗೆ ಎಂದು ಕರೆಯುವಾಗ, ಹಿಮವನ್ನು ಫ್ರಿಜ್ಜಿನಲ್ಲಷ್ಟೇ ಕಂಡವರು ತಿದ್ದುವುದು ನನಗೆ ಸರಿಕಾಣುವುದಿಲ್ಲ.

ಆದರೆ ತಿದ್ದಿದವರಲ್ಲಿ ಒಬ್ಬರಿಗೆ ಆ ಅಧಿಕಾರವಿತ್ತು ಎಂಬುದನ್ನು ಒಪ್ಪಬೇಕು. ನನ್ನ ಸೋದರಮಾವ ಇಪ್ಪತ್ತಕ್ಕೂ ಹೆಚ್ಚು ಸಲ ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದವರು. ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಗುಡಿ ಮುಟ್ಟುವಂತೆ ಲೆಕ್ಕ ಹಾಕಿ, ಹೆಗಲ ಮೇಲೆ ಹೊರುವ ದೇವರ ಕಂಬಿಯೊಂದಿಗೆ ಹೊರಟು, ನಲ್ಲಮಲದ ಕಾಡನ್ನು ಬಿರುಬಿಸಿಲಿನಲ್ಲಿ ದಾಟುವವರು. ತಂಗಿಯ ಮದುವೆಯ ಹಿಂದಿನ ರಾತ್ರಿ ಹಂದರದ ಕೆಳಗೆ ಎಲ್ಲರೆದುರು ಅವರು ಕೇಳಿದರು: "ಏನವ್ವಾ, ನಾವು ಅಂಗಾಲು ಬೊಬ್ಬಿ ಬರೂಮಟ ನಡೀತೀವಿ, ನೀ ಜಾರಕೋತ ಹೋಗ್ತೀಯಂತ. ಅದೆಂಥಾ ಯಾತ್ರಿ?" ಹಂದರವೆಲ್ಲ ನಕ್ಕಿತು. ಪ್ರತಿ ಸಲ ನಾಲ್ಕು ದಿನ ತಡವಾಗಿ ಉತ್ತರ ಹೊಳೆಯುವ ನನಗೆ ಅಂದು ಮಾತ್ರ ಕೂಡಲೇ ಹೊಳೆಯಿತು. ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಹೋಗುವವರಲ್ಲಿ ಕೆಲವರು ಮರಗಾಲು ಕಟ್ಟಿಕೊಂಡು ಹೋಗುತ್ತಾರೆ. ಅವರು ಊರು ದಾಟುವಾಗ ಮಾವನೇ ಎದ್ದು ನಿಂತು ಕೈಮುಗಿಯುವುದನ್ನು ನಾನು ಕಂಡಿದ್ದೇನೆ. "ಮಾಮಾ, ಅವರ ಕಾಲೂ ನೆಲಕ್ಕ ಹತ್ತೂದಿಲ್ಲಲ್ಲ? ಅವರು ಕಟ್ಟಿಗಿ ನಿಲ್ಲಿಸಿ ಕಟ್ಟಿಕೋತಾರ, ನಾ ಮಲಗಿಸಿ ಕಟ್ಟಿಕೋತೀನಿ" ಎಂದೆ. ಸ್ಕೀ ಎಂಬ ಪದದ ಹಳೆಯ ಅರ್ಥವೇ ಸೀಳಿದ ಕಟ್ಟಿಗೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೆ ಅದನ್ನೂ ಸೇರಿಸಿ ಗೆಲುವನ್ನು ಹಾಳು ಮಾಡಿಕೊಳ್ಳುತ್ತಿದ್ದೆ.

ಮಾವ ನಗಲಿಲ್ಲ. ಸ್ವಲ್ಪ ಹೊತ್ತು ಅಡಿಕೆ ಅಗಿದು ಕೇಳಿದರು: "ಮಲಗಿಸಿ ಕಟ್ಟಿಕೊಂಡ್ರ ಏರು ಹೆಂಗ ಹತ್ತತಿ?"

ಹತ್ತು ವರ್ಷಗಳಲ್ಲಿ ನನ್ನನ್ನು ಯಾರಾದರೂ ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಅದು. ಈ ವಿದ್ಯೆಯ ಕಷ್ಟವೆಲ್ಲ ಜಾರುವುದರಲ್ಲಿಲ್ಲ, ಹಿಂದಕ್ಕೆ ಜಾರದಿರುವುದರಲ್ಲಿದೆ. ಸ್ಕೀಯ ನಡುಭಾಗ ಬಿಲ್ಲಿನಂತೆ ಮೇಲಕ್ಕೆ ಬಾಗಿರುತ್ತದೆ. ಭಾರ ಎರಡೂ ಕಾಲಿನ ಮೇಲೆ ಹಂಚಿದ್ದಾಗ ಆ ನಡುಭಾಗ ಹಿಮಕ್ಕೆ ಅಷ್ಟಾಗಿ ತಾಗುವುದಿಲ್ಲ; ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ತುಳಿದಾಗ ಅದು ಹಿಮಕ್ಕೆ ಒತ್ತಿಕೊಂಡು, ಅಲ್ಲಿ ಹಚ್ಚಿದ ಮೇಣಕ್ಕೆ ಹಿಮದ ಹರಳುಗಳು ಚುಚ್ಚಿಕೊಂಡು, ಒಂದು ಕ್ಷಣ ಹಿಡಿತ ಸಿಗುತ್ತದೆ. ಕಡು ಚಳಿಗೆ ಹಸಿರು ಮೇಣ, ಸೊನ್ನೆಗಿಂತ ಸ್ವಲ್ಪ ಕೆಳಗಿದ್ದರೆ ನೀಲಿ, ಸೊನ್ನೆಯ ಆಸುಪಾಸಿಗೆ ಕೆಂಪು, ಕರಗಿ ಮತ್ತೆ ಗಡ್ಡೆಗಟ್ಟಿದ ಹಿಮಕ್ಕೆ ಕ್ಲಿಸ್ಟರ್ ಎಂಬ ಅಂಟು. ಈ ಅಂಟು ಒಮ್ಮೆ ಕೈಗೆ ಹತ್ತಿದರೆ ಹಲಸಿನ ಮೇಣವೇ ಲೇಸೆನಿಸುತ್ತದೆ. ಬೆಳಿಗ್ಗೆ ಹಚ್ಚಿದ ಮೇಣ ಮಧ್ಯಾಹ್ನಕ್ಕೆ ಕೈಕೊಟ್ಟರೆ, ಒಂದು ಹೆಜ್ಜೆ ಮುಂದಿಟ್ಟರೆ ಒಂದೂವರೆ ಹೆಜ್ಜೆ ಹಿಂದೆ. ಅದಕ್ಕೆ ಅಲ್ಲಿ "ಬಾಕ್‌ಗ್ಲತ್" ಎಂಬ ಬೇರೆಯೇ ಪದವಿದೆ. ಏರು ಕಡಿದಾದರೆ ಸ್ಕೀಗಳ ಮೂತಿಯನ್ನು ಹೊರಕ್ಕೆ ತಿರುಗಿಸಿ, ಹಿಮದ ಮೇಲೆ ಮೀನಿನ ಮುಳ್ಳಿನ ಗುರುತು ಬಿಡುತ್ತಾ ಹತ್ತಬೇಕು. ಇನ್ನೂ ಕಡಿದಾದರೆ ಅಡಿಗೆ ರೋಮದ ಪಟ್ಟಿಯನ್ನು ಅಂಟಿಸಿಕೊಳ್ಳಬೇಕು. ಹಿಂದೆ ಅದು ಸೀಲ್ ಪ್ರಾಣಿಯ ಚರ್ಮವಾಗಿತ್ತು. ಮಾವ ಇಷ್ಟನ್ನೂ ಕೇಳಿಸಿಕೊಂಡು, "ಹಂಗಾದ್ರ ನಡಿಯೂದ ಛಲೋ" ಎಂದರು.

ಅವರು ಇನ್ನೊಂದನ್ನೂ ಕೇಳಬಹುದಿತ್ತು. ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು. ಹಿಮ ಬಿದ್ದ ಮೇಲೆ ದಾರಿ ಹೇಗೆ ಗೊತ್ತಾಗುತ್ತದೆ ಎಂಬುದೇ ಆ ಪ್ರಶ್ನೆ. ಬೇಸಿಗೆಯ ಯಾತ್ರಿಕರು ಅನುಸರಿಸುವ ಕಾಲುದಾರಿಯೂ ಬಹುಪಾಲು ಗುರುತುಗಳೂ ಮಾರ್ಚಿಯಲ್ಲಿ ಹಿಮದಡಿ ಮುಚ್ಚಿಹೋಗಿರುತ್ತವೆ. ಚಳಿಗಾಲದ ಮಾರ್ಗವೇ ಬೇರೆ. ಆಯ್ದ ಕೆಲವು ಮಾರ್ಗಗಳಲ್ಲಿ ಸ್ವಯಂಸೇವಕರು ಬರ್ಚ್ ಮರದ ಕೊಂಬೆಗಳನ್ನೋ ಬಿದಿರಿನ ಕೋಲುಗಳನ್ನೋ ಸಾಲಾಗಿ ನೆಟ್ಟು ಹೋಗಿರುತ್ತಾರೆ. ಬಿದಿರೇ ಬೆಳೆಯದ ಆ ಬೆಟ್ಟದಲ್ಲಿ ಬಿದಿರು ಕಂಡರೆ ನನಗಾಗುವ ಸಮಾಧಾನವನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಐಸ್ಟೈನ್ ದೊರೆ ಡೋವ್ರೆಯಲ್ಲಿ ಪ್ರಯಾಣಿಕರಿಗಾಗಿ ತಂಗುಮನೆಗಳನ್ನು ಕಟ್ಟಿಸಿದ. ಫೋಕ್‌ಸ್ಟುಗು, ಯೆರ್ಕಿನ್, ಕಾಂಗ್ಸ್‌ವೋಲ್ ಎಂಬ ತಾಣಗಳ ಚರಿತ್ರೆಯನ್ನು ಅಲ್ಲಿಯವರು ಅವನ ಕಾಲದಿಂದಲೇ ಆರಂಭಿಸುತ್ತಾರೆ. "ಫೋಕ್" ಎಂದರೆ ಗಾಳಿಗೆ ಹಾರುವ ಹಿಮ, ಹೆಸರಿನಲ್ಲೇ ಎಚ್ಚರಿಕೆಯಿದೆ.

ಒಂದು ಈಸ್ಟರ್ ವಾರದಲ್ಲಿ ನಾನೂ ನನ್ನ ಸಹೋದ್ಯೋಗಿಯೊಬ್ಬಳೂ ಯೆರ್ಕಿನ್‌ನಿಂದ ಹೊರಟೆವು. ಎರಡು ಗಂಟೆ ನಿಚ್ಚಳ ಬಿಸಿಲು; ಆಮೇಲೆ ಗಾಳಿ ಎದ್ದು, ಆಕಾಶವೂ ನೆಲವೂ ಒಂದೇ ಬಿಳಿಯಾದವು. ಇಂಥ ಹೊತ್ತಿನಲ್ಲಿ ಎದುರಿಗಿರುವುದು ಏರೋ ಇಳಿಜಾರೋ ತಿಳಿಯುವುದಿಲ್ಲವಾದ್ದರಿಂದ ಹಿಮದ ಉಂಡೆ ಮಾಡಿ ಮುಂದಕ್ಕೆ ಎಸೆದು ಅದು ಎಲ್ಲಿ ನಿಲ್ಲುತ್ತದೆಂದು ನೋಡುತ್ತಾರೆ. ನಾನಂತೂ ಚಲಿಸುತ್ತಿದ್ದೇನೆಂದು ಭಾವಿಸಿ, ನಿಂತಲ್ಲೇ ಪಕ್ಕಕ್ಕೆ ಬಿದ್ದೆ. ಒಬ್ಬಳು ಕೋಲಿನ ಬಳಿ ನಿಲ್ಲುವುದು, ಇನ್ನೊಬ್ಬಳು ದನಿ ಕೇಳುವಷ್ಟು ದೂರ ಹೋಗಿ ಮುಂದಿನ ಕೋಲನ್ನು ಹುಡುಕುವುದು, ಹೀಗೆ ಮೂರು ಕೋಲು ದಾಟಿದೆವು. ನಾಲ್ಕನೆಯದು ಸಿಗಲಿಲ್ಲ. ಬೆಟ್ಟಕ್ಕೆ ಹೋಗುವವರು ಪಾಲಿಸಬೇಕೆಂದು ಅಲ್ಲಿಯ ಮಕ್ಕಳಿಗೂ ಕಲಿಸುವ ಒಂಬತ್ತು ನಿಯಮಗಳಿವೆ. ಎಂಟನೆಯದು, ಹೊತ್ತಿರುವಾಗಲೇ ಹಿಂದಿರುಗು, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ ಎನ್ನುತ್ತದೆ. ಅವಳು ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ, ಸುಮ್ಮನೆ ಸ್ಕೀ ತಿರುಗಿಸಿದಳು. ನನಗೆ ನಾಚಿಕೆಯಾಯಿತು, ಆದರೂ ತಿರುಗಿಸಿದೆ.

ಯೆರ್ಕಿನ್‌ನ ರೈಲು ನಿಲ್ದಾಣ 1,017 ಮೀಟರ್ ಎತ್ತರದಲ್ಲಿದೆ. ಮರುದಿನವೂ ಗಾಳಿ ನಿಲ್ಲದ್ದರಿಂದ ನಾವು ಅಲ್ಲಿ ರೈಲು ಹತ್ತಿ, ಒದ್ದೆ ಕಾಲುಚೀಲಗಳನ್ನು ಕಿಟಕಿಯ ಬಳಿ ಒಣಗಹಾಕಿ, ಸ್ಕೀಗಳನ್ನು ಸಾಮಾನಿನ ಜಾಗದಲ್ಲಿ ನಿಲ್ಲಿಸಿ, ಬಿಸಿ ಕಾಫಿ ಕುಡಿಯುತ್ತಾ ಟ್ರೊಂಡ್‌ಹೈಮ್ ತಲುಪಿದೆವು. ನಿದಾರೋಸ್ ಕೆಥೆಡ್ರಲ್ಲನ್ನು ನಾನು ನೋಡಿರುವುದು ಅದೊಂದೇ ಸಲ. ಜಾರಿಕೊಂಡು ಹೋದದ್ದು ಎಂದು ಯಾವುದನ್ನಾದರೂ ಕರೆಯಲೇಬೇಕಿದ್ದರೆ ಆ ರೈಲು ಪ್ರಯಾಣವನ್ನು ಕರೆಯಿರಿ. ಮಾವನಿಗೆ ಮಾತ್ರ ಇದನ್ನು ಇನ್ನೂ ಹೇಳಿಲ್ಲ.