ಎ.ಸಿ. ಕಿಂಡಿಗೆ ಸಿಕ್ಕಿಸಿದ ಲೈಸೆನ್ಸ್

2022ರ ಮೇ ತಿಂಗಳಲ್ಲಿ ಅಪ್ಪ ಶಿವಮೊಗ್ಗದಿಂದ ಷಿಕಾಗೊ ಹೊರವಲಯದ ನಮ್ಮ ಮನೆಗೆ ಬಂದಿದ್ದರು. ಬೆಳಗಿನ ಚಳಿಗೆ ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೋದವರು ದಾರಿ ತಪ್ಪಿದರು. ಇಲ್ಲಿನ ಮನೆಗಳೆಲ್ಲ ಒಂದೇ ಅಚ್ಚಿನವು. ಕೊನೆಗೆ ಪೊಲೀಸ್ ಕಾರೊಂದು ಅವರನ್ನು ಬಾಗಿಲಿಗೇ ತಂದು ಬಿಟ್ಟಿತು. "ನಮ್ಮೂರ ಠಾಣೆಯಲ್ಲಿ ಕುರ್ಚಿ ಸಿಗುವುದಕ್ಕೂ ಶಿಫಾರಸು ಬೇಕು. ಇವನು ನನಗೆ ಕಾರಿನ ಬಾಗಿಲು ತೆಗೆದ!" ಎಂದು ವಾರವಿಡೀ ಊರಿಗೆ ಫೋನ್ ಮಾಡಿ ಹೇಳಿದರು.

ಕಚೇರಿಯಲ್ಲಿ ನಾನೂ ಹೇಳಿದೆ. ಷಿಕಾಗೊ ನಗರದ ಎಂಗಲ್‌ವುಡ್ ಬಡಾವಣೆಯಲ್ಲಿ ಬೆಳೆದ ಕಪ್ಪು ಗೆಳೆಯ ಸುಮ್ಮನೆ ನಕ್ಕ. ಆ ಶುಕ್ರವಾರ ಅವನ ತಾಯಿಯ ಮನೆಗೆ ಊಟಕ್ಕೆ ಹೊರಟೆವು. ಅವನ ಲೈಸೆನ್ಸ್ ಎ.ಸಿ. ಕಿಂಡಿಗೆ ಕ್ಲಿಪ್ಪಿನಿಂದ ಸಿಕ್ಕಿಸಿತ್ತು. ಯಾಕೆಂದು ಕೇಳಿದೆ.

"ಪೊಲೀಸ್ ನಿಲ್ಲಿಸಿದಾಗ ಜೇಬಿಗೆ ಕೈ ಹಾಕುವ ಪ್ರಮೇಯವೇ ಬರಬಾರದು. ಗನ್ ತೆಗೆಯುತ್ತಿದ್ದೇನೆ ಅಂದುಕೊಂಡಾನು. ಅಮ್ಮ ಹೇಳಿಕೊಟ್ಟದ್ದು."

ಸ್ವಲ್ಪ ಹೊತ್ತಿಗೆ ಹಿಂದೆ ಕೆಂಪು ನೀಲಿ ದೀಪ ಮಿನುಗಿತು. ಅವನು ಪಕ್ಕಕ್ಕೆ ನಿಲ್ಲಿಸಿ, ಕಿಟಕಿ ಇಳಿಸಿ, ಒಳಗಿನ ದೀಪ ಹಾಕಿ, ಎರಡೂ ಕೈಗಳನ್ನು ಸ್ಟೇರಿಂಗ್ ಮೇಲಿಟ್ಟ. ನಾನು ಮೊಬೈಲಿಗೆ ಕೈ ಚಾಚಿದೆ. "ಅಲ್ಲಾಡಬೇಡ" ಎಂದ. ಪೊಲೀಸ್ ಕಾರು ನಮ್ಮನ್ನು ದಾಟಿ ಇನ್ಯಾರದೋ ಬೆನ್ನು ಹತ್ತಿತು. ಅವನ ಕೈ ಮಾತ್ರ ಅಲ್ಲೇ ಇತ್ತು.

ಅವನ ತಾಯಿಯ ದೂರು ಬೇರೆಯೇ. ಗುಂಡಿನ ಸದ್ದು ಕೇಳಿ ಫೋನ್ ಮಾಡಿದರೆ ಪೊಲೀಸರು ಬೇಗ ಬರುವುದಿಲ್ಲವಂತೆ. ಬೇಡವಾದಾಗ ಬರುತ್ತಾರೆ, ಬೇಕಾದಾಗ ಇಲ್ಲ. 2014ರಲ್ಲಿ ಇದೇ ನಗರದಲ್ಲಿ 17 ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್‌ಗೆ ಪೊಲೀಸನೊಬ್ಬ 16 ಗುಂಡು ಹೊಡೆದ. ಆ ವಿಡಿಯೊ ಹೊರಬರಲು ವರ್ಷ ದಾಟಿತು, ನ್ಯಾಯಾಲಯದ ಆದೇಶವೂ ಬೇಕಾಯಿತು. ಜನಾಭಿಪ್ರಾಯ ಸಂಗ್ರಹಿಸುವ ಗ್ಯಾಲಪ್ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ ಪೊಲೀಸರ ಮೇಲೆ ವಿಶ್ವಾಸವಿದೆ ಎಂದ ಬಿಳಿಯರು ನೂರಕ್ಕೆ 56, ಕಪ್ಪು ಜನ 19. ಆದರೂ ಅದೇ ವರ್ಷದ ಇನ್ನೊಂದು ಗ್ಯಾಲಪ್ ಸಮೀಕ್ಷೆಯಲ್ಲಿ, ತಮ್ಮ ಬಡಾವಣೆಯಲ್ಲಿ ಪೊಲೀಸರ ಓಡಾಟ ಈಗಿರುವಷ್ಟಾದರೂ ಇರಲಿ, ಇಲ್ಲವೇ ಹೆಚ್ಚಲಿ ಎಂದ ಕಪ್ಪು ಜನ 81. ಆ ತಾಯಿಯ ಮಾತು ಕೇಳಿದ ಮೇಲೆ ಇದು ನನಗೆ ವಿಚಿತ್ರವೆನಿಸಲಿಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ. 2015ರಲ್ಲಿ ಅಲಬಾಮಾದಲ್ಲಿ, ಮಗನ ಮನೆಗೆ ಬಂದಿದ್ದ 57 ವರ್ಷದ ಗುಜರಾತಿ ಅಜ್ಜ ಬೀದಿಯಲ್ಲಿ ನಡೆಯುತ್ತಿದ್ದರು. ಸಣಕಲು ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಎಂದು ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಬಂದವನು ಅವರನ್ನು ನೆಲಕ್ಕೆ ಕೆಡವಿದ. ಇಂಗ್ಲಿಷ್ ಬಾರದ ಆ ಜೀವದ ಬೆನ್ನುಹುರಿಗೇ ಪೆಟ್ಟಾಯಿತು. ಅವರ ಮೈಬಣ್ಣ ಅಪ್ಪನದಕ್ಕಿಂತ ಹೆಚ್ಚು ಬೇರೆಯೇನಲ್ಲ.

ಬೆಳಿಗ್ಗೆ ಅಪ್ಪ ಮತ್ತೆ ಮಂಕಿ ಕ್ಯಾಪ್ ಹಾಕಿಕೊಂಡರು. ಮನೆಯ ವಿಳಾಸ ಬರೆದ ಚೀಟಿಯನ್ನು ಅವರ ಜೇಬಿಗೆ ತುರುಕಿದೆ. ಮರುಗಳಿಗೆಯೇ ತೆಗೆದು, "ಕೈಯಲ್ಲೇ ಹಿಡಿದುಕೊಂಡಿರಿ ಅಪ್ಪ" ಎಂದೆ.