ಲೆನ್ಸಿಗೊಂದು ಕವೆ

ನನ್ನ ಪೆಟ್ಜ್ವಾಲ್ ಲೆನ್ಸ್ ಎರಡು ಕಿಲೋಗೆ ಹತ್ತಿರ ತೂಗುತ್ತದೆ. ಜೋಸೆಫ್ ಪೆಟ್ಜ್ವಾಲ್ 1840ರಲ್ಲಿ ಈ ವಿನ್ಯಾಸ ರೂಪಿಸಿದ್ದೇ ಭಾವಚಿತ್ರಕ್ಕೆಂದು, ಕುಳಿತವರನ್ನು ನಿಮಿಷಗಟ್ಟಲೆ ಕಲ್ಲಾಗಿಸದೆ ಬೇಗ ಬಿಡುಗಡೆ ಮಾಡಲೆಂದು. ಬೆಳಕು ಹೆಚ್ಚು ಬರಲು ಗಾಜು ಅಗಲವಾಗಬೇಕು, ಎರಡು ಗಾಜಿನ ಗುಂಪುಗಳ ನಡುವೆ ಅಂತರ ಇರಬೇಕು, ಅದಕ್ಕೆ ಉದ್ದನೆಯ ಹಿತ್ತಾಳೆ ಕೊಳವೆ ಬೇಕು. ಆ ಭಾರವೆಲ್ಲ ಲೆನ್ಸ್ ಕೂರಿಸಿದ ಹಲಗೆಯಿಂದ ಮುಂದಕ್ಕೆ ಚಾಚಿಕೊಂಡು ನಿಲ್ಲುತ್ತದೆ. ಅದನ್ನು ಹೊರಬೇಕಾದದ್ದು ನನ್ನ ಸಾಗುವಾನಿ ಕ್ಯಾಮೆರಾದ ಮುಂದಿನ ಚೌಕಟ್ಟು. ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾಗಳ ಜಾತಿಯದು ಇದು, ದೊಡ್ಡ ಹಾಳೆಯ ಫಿಲ್ಮ್ ಹಿಡಿಯುವ ಫುಲ್ ಪ್ಲೇಟ್ ಅಳತೆ. ಚೌಕಟ್ಟನ್ನು ಬುಡದಲ್ಲಿ ಹಿಡಿದಿರುವುದು ಎರಡೇ ಎರಡು ಹಿತ್ತಾಳೆ ತಿರುಪು.

ಮೈಸೂರಿನ ಮನೆಯ ನಡುಮನೆಯಲ್ಲಿ, ಕಿಟಕಿಯ ಪಕ್ಕ, ಸೋದರಮಾವನನ್ನು ಕೂರಿಸಿದ್ದೆ. ಚೌಕಟ್ಟಿನ ನೆತ್ತಿಯ ಮೇಲೆ ಪುಟ್ಟ ರಸಮಟ್ಟವೊಂದನ್ನು ಇಟ್ಟು ನೋಡುತ್ತಿದ್ದೆ. ತಿರುಪು ಬಿಗಿದಾಗ ಗುಳ್ಳೆ ಎರಡು ಗೆರೆಗಳ ನಡುವೆ ಇತ್ತು. ನೋಡನೋಡುತ್ತಿದ್ದಂತೆ ಅದು ಒಂದು ಗೆರೆಯನ್ನು ಮುಟ್ಟಿತು, ಆಮೇಲೆ ಮೆಲ್ಲಗೆ ದಾಟಿತು. ಚೌಕಟ್ಟು ಮುಂದಕ್ಕೆ ವಾಲುತ್ತಿತ್ತು. ವಾಲುವುದೆಂದರೆ ಲೆನ್ಸ್ ಎದುರಿಗಿರುವವರ ಹತ್ತಿರ ಹೋಗುವುದು ಮಾತ್ರವಲ್ಲ, ಸ್ಫುಟವಾಗಿ ಕಾಣುವ ಸಮತಲವೂ ಓರೆಯಾಗುತ್ತದೆ, ಕೆಳಭಾಗ ಕ್ಯಾಮೆರಾದ ಕಡೆಗೆ ಬರುತ್ತದೆ. ಕಪ್ಪು ಬಟ್ಟೆ ಹೊದ್ದು ಹಿಂಬದಿಯಲ್ಲಿ ಬಿಂಬ ಮೂಡುವ ಮಬ್ಬು ಗಾಜಿನಲ್ಲಿ, ಅಂದರೆ ಗ್ರೌಂಡ್ ಗ್ಲಾಸಿನಲ್ಲಿ, ಇಣುಕಿದರೆ ಮಾವನ ಕಣ್ಣುಗಳು ಮಸುಕು, ಮೀಸೆ ಮಾತ್ರ ಚೂಪು. ಲೆನ್ಸಿನ ಬಾಯಿ ಅಗಲವಾಗಿ ತೆರೆದಿರುವ ಎಫ್ 4ರಲ್ಲಿ, ಅಷ್ಟು ಹತ್ತಿರದಲ್ಲಿ, ನಮಗೆ ಸ್ಫುಟವಾಗಿ ಸಿಗುವ ಆಳವೇ ಎರಡು-ಮೂರು ಸೆಂಟಿಮೀಟರ್.

ಇನ್ನೊಂದು ಟ್ರೈಪಾಡ್ ತಂದು ಕೊಳವೆಯ ಅಡಿಗೆ ನಿಲ್ಲಿಸುವುದು ಬಹಳ ಜನ ಹೇಳುವ ಉಪಾಯ. ನನಗೆ ಅದು ಹಿಡಿಸಲಿಲ್ಲ. ಫೋಕಸ್ ಮಾಡಲು ಚೌಕಟ್ಟನ್ನು ಸರಿಸಿದಾಗಲೆಲ್ಲ ಆ ಟ್ರೈಪಾಡನ್ನೂ ಸರಿಸಬೇಕು. ಒಂದು ಕೂದಲೆಳೆ ಮೇಲಕ್ಕೆ ಒತ್ತಿದರೂ ಚೌಕಟ್ಟು ಹಿಂದಕ್ಕೆ ವಾಲಿ ತೊಂದರೆ ತಿರುವುಮುರುವಾಗುತ್ತದೆ.

"ಇನ್ನೆಷ್ಟು ಹೊತ್ತೋ? ಕಾಫಿ ಆರಿಹೋಯಿತು" ಎಂದು ಮಾವ ಗೊಣಗುತ್ತಿದ್ದಾಗ, ಹಿಂದಿನ ಕೋಣೆಯ ಬಾಗಿಲು ರಿಪೇರಿಗೆ ಬಂದಿದ್ದ ಆಚಾರ್ಯರು ಉಳಿ ಕೆಳಗಿಟ್ಟು ಬಂದು ನೋಡಿದರು. ತಿರುಪನ್ನು ಮುಟ್ಟಲಿಲ್ಲ. ಕೊಳವೆಯ ತುದಿಯನ್ನು ಒಂದು ಬೆರಳಿನಿಂದ ಮೇಲಕ್ಕೆತ್ತಿ ಬಿಟ್ಟರು.

"ಗೊನೆ ಬಿಟ್ಟ ಬಾಳೆಗೆ ಕವೆ ಕೊಡುವುದಿಲ್ಲವೇ ಸ್ವಾಮಿ? ಇದಕ್ಕೂ ಹಾಗೆಯೇ. ಆದರೆ ಕವೆ ನೆಲದ ಮೇಲೆ ನಿಲ್ಲಬಾರದು, ಕ್ಯಾಮೆರಾದ ಮೇಲೆಯೇ ನಿಲ್ಲಬೇಕು."

ಮಿಕ್ಕಿದ್ದ ಬೀಟೆ ತುಂಡಿನಲ್ಲಿ ಅವರು ಕೊರೆದುಕೊಟ್ಟ ಕವೆ ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಕೊಳವೆ ಕೂರುವ ಹಳ್ಳಕ್ಕೆ ಕೆಂಪು ಬನಾತು ಅಂಟಿಸಿದರು. ಬುಡವನ್ನು ಚೌಕಟ್ಟು ಜಾರುವ ಹಳಿಯಲ್ಲೇ ಸಿಕ್ಕಿಸಿದರು, ಚೌಕಟ್ಟು ಹೋದಲ್ಲಿಗೆ ಕವೆಯೂ ಹೋಗುತ್ತದೆ. ಅಡಿಯಲ್ಲೊಂದು ತೆಳುವಾದ ಬೆಣೆ. ಅದನ್ನು ಹೆಬ್ಬೆರಳಿನಿಂದ ಒತ್ತಿದರೆ ರಸಮಟ್ಟದ ಗುಳ್ಳೆ ನಡುವಿಗೆ ಬಂದು ಕೂರುತ್ತದೆ. ಕೊಳವೆ ಕ್ಯಾಮೆರಾದ ಅಡಿಹಲಗೆಯ ಅಂಚಿನಾಚೆ ಹೋದರೆ ಕವೆಗೆ ನೆಲೆಯಿಲ್ಲವಲ್ಲ, ಅದಕ್ಕೆ ಮುಂದಿನ ಚೌಕಟ್ಟನ್ನು ಒಳಕ್ಕೆ ತಂದು ನಿಲ್ಲಿಸಿ, ಎರಡು ಚೌಕಟ್ಟುಗಳ ನಡುವಿನ ಮಡಿಕೆಚೀಲದ, ಅಂದರೆ ಬೆಲ್ಲೋಸಿನ, ಉದ್ದವನ್ನು ಹಿಂದಿನ ಚೌಕಟ್ಟು ಎಳೆದು ಪಡೆದೆ. ಫೋಕಸನ್ನೂ ಹಿಂದಿನಿಂದಲೇ ಮಾಡಿದೆ. ಭಾರವಾದ ಲೆನ್ಸ್ ಇರುವವರಿಗೆ ನಾನು ಕೊಡುವ ಸಲಹೆ ಇದೊಂದೇ: ಮುಂದಿನದನ್ನು ಕದಲಿಸಬೇಡಿ.

ಈ ಲೆನ್ಸಿಗೆ ಶಟರ್ ಇಲ್ಲ, ಮುಚ್ಚಳ ತೆಗೆದು ಹಾಕುವುದೇ ಶಟರ್. ಬಿಗಿ ಮುಚ್ಚಳ ಕೀಳುವಾಗ ಇಡೀ ಕ್ಯಾಮೆರಾ ಅಲುಗುತ್ತದೆ. ಆದ್ದರಿಂದ ಮಾವನ ಕರಿಟೋಪಿಯನ್ನು ಲೆನ್ಸಿನ ಮುಂದೆ ಹಿಡಿದು, ಮುಚ್ಚಳ ತೆಗೆದು, ಅಲುಗಾಟ ನಿಂತ ಮೇಲೆ ಟೋಪಿಯನ್ನು ಒಂದು ಸೆಕೆಂಡಿನಷ್ಟು ಸರಿಸಿ ಮತ್ತೆ ಅಡ್ಡ ಹಿಡಿದೆ. ಒಳಗಿದ್ದದ್ದು ಅಳತೆಗೆ ಕತ್ತರಿಸಿದ ಎಕ್ಸ್-ರೇ ಫಿಲ್ಮ್, ಅಗ್ಗ, ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತಾ ತೊಳೆಯಬಹುದು. ಎರಡೂ ಬದಿಗೆ ಲೇಪವಿರುವುದರಿಂದ ಟ್ರೇಗೆ ತಾಗಿದ ಬದಿ ಗೀರುತ್ತದೆ. ಭುಜದ ಮೇಲೊಂದು ಗೀರು ಬಿದ್ದೇಬಿಟ್ಟಿತು. ಕಣ್ಣುಗಳು ಮಾತ್ರ ರೆಪ್ಪೆ ಎಣಿಸುವಷ್ಟು ಸ್ಪಷ್ಟ.

"ಇಷ್ಟೆಲ್ಲ ಹೆಣಗಿ ನನ್ನ ಸುಕ್ಕುಗಳನ್ನು ತೋರಿಸಿದೆಯಲ್ಲ" ಎಂದರು ಮಾವ.

ಕವೆ ಇದ್ದರೆ ಕ್ಯಾಮೆರಾ ಮಡಚಲು ಬರುವುದಿಲ್ಲ, ಪ್ರತಿ ಸಲ ಬಿಚ್ಚಿ ಬೇರೆ ಚೀಲಕ್ಕೆ ಹಾಕಬೇಕು. ಟ್ರೈಪಾಡಿನ ತಲೆಯ ಮೇಲೂ ಮುಂಭಾರವಿದೆ, ಕ್ಯಾಮೆರಾವನ್ನೇ ಹಿಂದಕ್ಕೆ ಸರಿಸಿ ಕೂರಿಸಲು ಉದ್ದನೆಯ ಹಲಗೆ ಬೇಕು. ಆಚಾರ್ಯರು ಮಾಡಿಕೊಡಲು ಒಪ್ಪಿದ್ದಾರೆ. ಆದರೆ ಮೊದಲು ಅವರ ಫೋಟೊ ಆಗಬೇಕಂತೆ, ಅದೂ ನಿಂತುಕೊಂಡು.